ಕಸಾಸುರನ ಹೊಟ್ಟೆನೋವು

ಎಲ್ಲಕ್ಕೂ ಕಾರಣ ಒಂದು ನಗು. ಪುಟ್ಟ ಮಕ್ಕಳಿಗೆ ಪರಿಸರ ಪಾಠ ಹೇಳುವ ಕಾರ್ಟೂನಿನಲ್ಲಿ ಶಿವಕಿರಣ್ ಕಸಾಸುರನೆಂಬ ರಾಕ್ಷಸನಿಗೆ ಧ್ವನಿ ಕೊಟ್ಟಿದ್ದ. ಸುಮ್ಮನಿರಬೇಕಿತ್ತು. ಭಾನುವಾರ ಗೇಟಿನ ಬಳಿ ಮನೆ ಓನರ್ ವೆಂಕಟಾಚಲ ಅವರ ಮೊಮ್ಮಗಳು ಧೃತಿ ಕಂಡಳು. ಅವಳೆದುರು ಅದೇ ರಾಕ್ಷಸನ ದನಿಯಲ್ಲಿ ಗಹಗಹಿಸಿ, "ಹಸಿವು! ಎಲ್ಲಿ ನನ್ನ ಕಸ?" ಎಂದುಬಿಟ್ಟ. ಯುಕೆಜಿ ಹುಡುಗಿ ಕಣ್ಣರಳಿಸಿ ಓಡಿದಳು.

ಸೋಮವಾರ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕಸದ ಕವರು. ಬಾಳೆಹಣ್ಣಿನ ಸಿಪ್ಪೆ, ಚಿಪ್ಸ್ ಪ್ಯಾಕೆಟ್ಟು, ಒಂಟಿ ಚಪ್ಪಲಿ, ಎಲ್ಲ ಬಿಸಿಬೇಳೆಬಾತಿನಂತೆ ಕಲಸಿಕೊಂಡಿದ್ದವು.

"ಬ್ಯಾಚುಲರ್‌ಗೆ ಮನೆ ಕೊಟ್ಟಿದ್ದೇ ನನ್ ತಪ್ಪು," ವೆಂಕಟಾಚಲ ಗುಡುಗಿದರು. "ಸಂಜೆ ನಾನ್ ಬರೋಹೊತ್ತಿಗೆ ಇಲ್ಲಿ ಕಸ ಕಂಡ್ರೆ ಮನೆ ಖಾಲಿ ಮಾಡಿ!"

"ಸಾರ್, ಇದು ನಂದಲ್ಲ!"

"ಮತ್ತೆ ನಂದಾ?"

ಗಿರಿನಗರದಲ್ಲಿ ಬ್ಯಾಚುಲರ್‌ಗೆ ಮನೆ ಸಿಗುವುದೇನು ಹುಡುಗಾಟವೇ? ಶಿವಕಿರಣ್ ಕವರು ಹಿಡಿದು, ಪಂಚೆ ಎತ್ತಿಕಟ್ಟಿ, ಕಸದ ಆಟೋ ಹಿಂದೆ ಮೂಲೆವರೆಗೂ ಓಡಿದ. ಏದುಸಿರು ಬಿಡುತ್ತ ವಾಪಸು ಬಂದರೆ ಮತ್ತೆರಡು ಕವರು!

ಎದುರುಮನೆ ಬಾಲ್ಕನಿಯಿಂದ ಸರಸ್ವತಿ ಆಂಟಿ ಇಣುಕಿದರು. "ಅಷ್ಟೊಂದು ಬಾಳೆಹಣ್ಣು ತಿನ್ಬೇಡಪ್ಪ, ಶುಗರ್ ಬರತ್ತೆ."

"ನಾನ್ ತಿಂದಿಲ್ಲ ಆಂಟಿ!"

"ನಾಚ್ಕೋಬೇಡ. ಹೆಂಗೂ ಅಲ್ಲಿ ಗುಡ್ಡೆ ಹಾಕಿದೀಯ, ನಮ್ದೂ ಒಂದ್ ಕವರ್ ಇಡ್ಲಾ?"

ಅವನು ಹಲ್ಲು ಕಡಿದ. ಕೆಲಸಕ್ಕೆ ರಜೆ ಹಾಕಿ, ಕಳ್ಳನನ್ನು ಹಿಡಿಯಲು ಸ್ಕೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಕಾಲು ಜೋಮು ಹಿಡಿಯಿತು, ಸೊಳ್ಳೆ ಕಡಿಯಿತು. ಸಾಯಂಕಾಲ ಬೀದಿಯ ಮಕ್ಕಳೆಲ್ಲ ದೇವರಿಗೆ ನೈವೇದ್ಯ ತರುವವರಂತೆ ಸಾಲಾಗಿ ಬಂದರು. ಕೈಯಲ್ಲಿ ಒಂದೊಂದು ಕವರು. ಮುಂದೆ ಧೃತಿ!

"ಏಯ್! ನೀವಾ?" ಎಂದು ಎದ್ದ.

"ಊಟ ಮಾಡಿ ಅಂಕಲ್," ಎಂದಳು ಧೃತಿ. "ಕಾರ್ಟೂನಲ್ಲಿ ಕಸ ಸಿಗ್ದೆ ನೀವು ಅತ್ರಲ್ಲ, ನಂಗೆ ಪಾಪ ಅನ್ನಿಸ್ತು."

ಆ ಅಳುವಿಗೆ ಸ್ಟುಡಿಯೋದಲ್ಲಿ ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಹಾಳಾದ ಚಪ್ಪಾಳೆ!

"ಪುಟ್ಟಾ, ಅಂಕಲ್ ಅನ್ನ ಸಾರು ತಿನ್ನೋದು ಕಣೇ!" ಯಾರೂ ನಂಬಲಿಲ್ಲ. ಬೀದಿಯ ತುದಿಯಲ್ಲಿ ವೆಂಕಟಾಚಲ ಬರುತ್ತಿರುವುದು ಕಂಡಿತು. ಬೇರೆ ದಾರಿಯಿಲ್ಲದೆ ಶಿವಕಿರಣ್ ಕಸಾಸುರನ ಗಂಟಲು ತೆಗೆದ. "ಅಯ್ಯೋ, ಹೊಟ್ಟೆನೋವು! ಹಸಿ ಕಸ, ಒಣ ಕಸ ಕಲಸಿ ತಂದವರು ಯಾರು? ಎತ್ಕೊಂಡ್ ಹೋಗಿ!"

ಮಕ್ಕಳು ಕವರೆಲ್ಲ ಬಾಚಿಕೊಂಡು ಪರಾರಿ. ವೆಂಕಟಾಚಲ ಬಂದರು, ಬಗ್ಗಿ ನೋಡಿದರು. ಹೊಸ್ತಿಲು ಫಳಫಳ. ತಪ್ಪು ಸಿಗದ ಬೇಜಾರಿನಲ್ಲಿ ಮಹಡಿ ಹತ್ತಿದರು.

ಮನೆ ಉಳಿಯಿತು! ಶಿವಕಿರಣ್ ಒಂದು ಲೋಟ ಕಾಫಿ ಮಾಡಿಕೊಂಡು ಕೂತ. ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಅದೇ ಸಾಲು. ಪ್ರತಿ ಮಗುವಿನ ಕೈಯಲ್ಲೂ ಒಂದು ಹಸಿರು ಬಕೆಟ್ಟು, ಒಂದು ನೀಲಿ ಬಕೆಟ್ಟು.

"ಹಸೀದು ಬೇರೆ, ಒಣಗಿದ್ದು ಬೇರೆ ಮಾಡಿದ್ವಿ ಅಂಕಲ್," ಧೃತಿ ಹೇಳಿದಳು. "ಇನ್ಮೇಲೆ ದಿನಾ ತರ್ತೀವಿ. ಹೊಟ್ಟೆ ನೋಯಲ್ಲ."

ಮಕ್ಕಳ ಹಿಂದೆ ಸರಸ್ವತಿ ಆಂಟಿ. ಅವರ ಹಿಂದೆ, ಎರಡು ಕೈಯಲ್ಲೂ ಬಕೆಟ್ಟು ಹಿಡಿದ ವೆಂಕಟಾಚಲ, ಮದುವೆಮನೆ ನಗು ನಗುತ್ತ.

"ಮನೆ ಖಾಲಿ ಮಾಡೋ ಮಾತೇ ಬೇಡ ಶಿವಕಿರಣ್! ಕಸದ ಗಾಡಿ ಕಾಯೋ ಕರ್ಮ ತಪ್ತು ನಮ್ಗೆ. ಇದನ್ನ ಎಲ್ಲಿ ಇಡೋಣ ಹೇಳಿ?"