ಅಪ್ಪನಿಗೊಂದು ಜಪಾನಿ ಚಾಕು

ಓದಿದವರ ಮನೆಯಲ್ಲಿ ಹಣ್ಣು ತಿನ್ನುವ ಕ್ರಮವೇ ಬೇರೆ. ಹಣ್ಣನ್ನು ತೊಳೆದು, ಅಡುಗೆಮನೆಯಲ್ಲಿ ಹೆಚ್ಚಿ, ತಟ್ಟೆಯಲ್ಲಿ ಜೋಡಿಸಿ, ಚುಚ್ಚಿಕೊಳ್ಳಲು ಫೋರ್ಕ್ ಇಟ್ಟು ತರಬೇಕು. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನಾದ್ದರಿಂದ ಈ ಕ್ರಮವನ್ನು ಹುಣಸೂರಿನ ನಮ್ಮ ಮನೆಗೆ ತಂದವನೂ ನಾನೇ. ಕಷ್ಟಪಟ್ಟು ಬಿ.ಎಸ್ಸಿ. ಮಾಡಿ ವಿಜ್ಞಾನದ ಮೇಷ್ಟ್ರಾದ ಮೇಲೆ ಇಷ್ಟಾದರೂ ಬದಲಾವಣೆ ಕಾಣಬೇಡವೇ? ಆದರೆ ಆ ಫೋರ್ಕಿನ ದೆಸೆಯಿಂದಲೇ ನಮ್ಮಪ್ಪ ಸೀಬೆಹಣ್ಣು ತಿನ್ನುವುದನ್ನು ಬಿಟ್ಟ.

ಅಪ್ಪನಿಗೆ ಸೀಬೆಹಣ್ಣೆಂದರೆ ಪ್ರಾಣ. ಅದನ್ನು ತಾನೇ ಕುಯ್ದು ಚಾಕುವಿನ ಮೇಲಿಂದಲೇ ತಿನ್ನಬೇಕು. ಕಂಪಲಾಪುರದ ಹತ್ತಿರ ನಮ್ಮೂರಿನಲ್ಲಿದ್ದಾಗ ಅವನ ಉಡಿದಾರಕ್ಕೆ ಒಂದು ಮಡಚುವ ಚಾಕು ಸದಾ ನೇತಾಡುತ್ತಿತ್ತು. ಹೊಗೆಸೊಪ್ಪು ಕಟ್ಟುವಾಗ ದಾರ ಕತ್ತರಿಸಲು ಅದೇ, ಕಾಲಿನ ಮುಳ್ಳು ತೆಗೆಯಲು ಅದೇ, ತೊಳೆದನೋ ಒರೆಸಿಕೊಂಡನೋ, ನಮಗೆ ಕಬ್ಬು ಸಿಗಿದುಕೊಡಲೂ ಅದೇ. ನನ್ನ ಪೆನ್ಸಿಲ್ಲುಗಳನ್ನೂ ಅವನೇ ಕೆತ್ತುತ್ತಿದ್ದ. ಓದು ಬಾರದ ಮನುಷ್ಯ ಸೂಜಿಯಂಥ ಮೊನೆ ಮಾಡಿ, ಬೆರಳ ತುದಿಗೆ ಚುಚ್ಚಿ ನೋಡಿ, “ಅಕ್ಸರ ನಿಂದು, ಮೊನೆ ನಂದು. ಓಗು” ಎಂದು ಕೊಡುತ್ತಿದ್ದ. ಕಾಲೇಜಿಗೆ ಹೊರಟ ಕಾಲದಲ್ಲಿ ನನ್ನೊಂದಿಗೆ ರಸ್ತೆಯವರೆಗೂ ಬಂದು, ಬಸ್ಸು ಕಾಣುವವರೆಗೆ ಒಂದು ಸೀಬೆಹಣ್ಣನ್ನು ಹೋಳು ಮಾಡಿ ಮಾಡಿ ಕೊಡುತ್ತಿದ್ದ. ಬೇರೆ ಹುಡುಗರೆದುರು ನನಗೆ ನಾಚಿಕೆ. ಆದರೂ ಆ ಚಾಕುವಿನ ಕಬ್ಬಿಣದ ವಾಸನೆ ಸೇರಿದ ಸೀಬೆಯ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಹೋದ ವರ್ಷ ಅಪ್ಪನ ಬಲಗೈ ಸೋತಿತು. ಡಾಕ್ಟರು ಭಯವಿಲ್ಲ ಎಂದರು. ಅವರಿಗೇನು ಗೊತ್ತು, ಆ ಹಳೇ ಚಾಕುವಿನ ಸ್ಪ್ರಿಂಗು ಎಂಥ ಬಿಗಿ ಎಂದು! ಉಗುರು ಕೊಟ್ಟು ಎಳೆಯುವಷ್ಟು ಬಲ ಹೆಬ್ಬೆರಳಿನಲ್ಲಿ ಉಳಿದಿರಲಿಲ್ಲ. ನಾನು ಬಿಡಿಸಿಕೊಡಲು ಹೋದರೆ, “ಬುಡು, ನೀನ್ ಬುಡಿಸ್ಕೊಟ್ಟು ನಾನ್ ಕುಯ್ಯೋದು, ತುತ್ತು ಉಣ್ಣಿಸ್ಕೊಂಡಂಗೆ” ಎಂದ. ನನ್ನ ಹೆಂಡತಿ ಭಾಗ್ಯ ತಟ್ಟೆಯಲ್ಲಿ ಹೋಳು ತಂದಿಟ್ಟಳು. ಅಪ್ಪ ಫೋರ್ಕನ್ನು ನೋಡಿ, “ಇದೇನವ್ವ, ಉಲ್ಲು ಎಳೆಯೋದಾ?” ಎಂದವನು ತಟ್ಟೆ ಮುಟ್ಟಲಿಲ್ಲ. ಹಣ್ಣು ಹೋಗಲಿ, ಆಮೇಲಾಮೇಲೆ ಊಟವೂ ಮಾತೂ ಕಮ್ಮಿಯಾಗಿ ಸೊರಗತೊಡಗಿದ. ನನಗೆ ಭಯವಾಗಿದ್ದು ಆಗ.

ಫೋನಿನಲ್ಲಿ ಹುಡುಕುವಾಗ ಜಪಾನಿನ ಒಂದು ಚಾಕು ಕಣ್ಣಿಗೆ ಬಿತ್ತು. ಸಣಕಲು, ಚಪ್ಪಟೆ. ಹಿತ್ತಾಳೆ ತಗಡನ್ನು ಮಡಚಿದ ಹಿಡಿ. ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ. ಅಲಗಿನ ಬುಡದಲ್ಲಿ ಒಂದು ಪುಟ್ಟ ಬಾಲ; ಅದನ್ನು ಒತ್ತಿದರೆ ಅಲಗು ತಾನೇ ಏಳುತ್ತದೆ. ಒಂದು ಕಾಲಕ್ಕೆ ಅಲ್ಲಿಯ ಶಾಲಾ ಮಕ್ಕಳು ಅದರಲ್ಲೇ ಪೆನ್ಸಿಲ್ ಕೆತ್ತುತ್ತಿದ್ದರಂತೆ. ನಾನು ಇಷ್ಟು ವರ್ಷ ಸನ್ನೆಗೋಲಿನ ಪಾಠ ಮಾಡಿದ್ದು ಈ ದಿನಕ್ಕೇ ಇರಬೇಕೆಂದುಕೊಂಡು, ಗ್ರಿಲ್ ಅಂಗಡಿಯ ನನ್ನ ಸ್ನೇಹಿತ ಸ್ವಾಮಿಯ ಬಳಿ ಓಡಿದೆ.

ಬಾಲ ಉದ್ದವಿರಲಿ, ಅಂಗೈಯಿಂದಲೇ ಒತ್ತುವಂತಿರಲಿ ಎಂದೆ. ಹಿಡಿ ಜಾರದಂತೆ ಗೀರು ಹಾಕು, ಅಲಗು ತೆಳ್ಳಗಿರಲಿ, ಉಡಿದಾರಕ್ಕೊಂದು ತೂತಿರಲಿ ಎಂದೆ. ಮೊನೆ ಮೊಂಡಾಗಿರಲಿ ಎಂದು ಭಾಗ್ಯ ಹೇಳಿಕಳಿಸಿದ್ದಳು. ಪಿರಿಯಾಪಟ್ಟಣದಿಂದ ನನ್ನ ತಂಗಿ ಫೋನ್ ಮಾಡಿ, “ಅದ್ಕೊಂದು ಗೆಜ್ಜೆ ಕಟ್ಸಣ್ಣ, ಅಪ್ಪ ಎಲ್ಲಿ ಮಡಗವ್ನೆ ಅಂತ ಗೊತ್ತಾಗ್ಲಿ” ಎಂದಳು. ನನಗೂ ಆಸೆ ಬೆಳೆದು, ಒಂದು ಕಿವಿಕಡ್ಡಿ, ಒಂದು ಪುಟ್ಟ ಭೂತಗನ್ನಡಿ ಸೇರಿಸಬಹುದೇ ಎಂದು ಕೇಳಿದೆ. ಸ್ವಾಮಿ ಸುತ್ತಿಗೆ ಕೆಳಗಿಟ್ಟ.

“ಮೇಷ್ಟ್ರೇ, ಇನ್ನೊಂದು ನೊಗ ಕಟ್ಬುಟ್ರೆ ಒಲಾನೂ ಉಳಬೌದು ಕಣ್ರೀ. ನಿಮ್ಮಪ್ಪಂಗೆ ಬೇಕಾಗಿರೋದೇನು, ಅದೇಳಿ.”

ಬಾಲ, ಗೀರು, ತೆಳ್ಳನೆಯ ಅಲಗು, ಮೊಂಡು ಮೊನೆ, ತೂತು ಉಳಿದವು. ಲಾರಿಯ ಹಳೇ ಕಮಾನು ಪಟ್ಟಿಯನ್ನು ತಟ್ಟಿ ತಟ್ಟಿ ಅವನು ಮಾಡಿಕೊಟ್ಟ ಚಾಕು ಪೆನ್ನಿನಷ್ಟು ಹಗುರವಾಗಿತ್ತು.

ಮನೆಗೆ ಬಂದವನೇ ಕುರ್ಚಿಯಲ್ಲಿದ್ದ ಅಪ್ಪನೆದುರು ಅದನ್ನು ಚಾಚಿದೆ. ಅಪ್ಪ ಕೈ ಹಿಂದಕ್ಕೆಳೆದುಕೊಂಡ.

“ನೆಲದ್ ಮ್ಯಾಲೆ ಮಡಗ್ಲಾ! ಚಾಕ ಕೈಯಿಂದ ಕೈಗೆ ಕೊಟ್ರೆ ಜಗಳಾಯ್ತದೆ.”

ಇಟ್ಟೆ. ಅಪ್ಪನಿಗೆ ಬಗ್ಗಲಾಗದು. ನಾನು ಎತ್ತಿಕೊಟ್ಟರೆ ತೆಗೆದುಕೊಳ್ಳಲಾರ. ಬಾಲದ ಅಳತೆಗೆ ಇಡೀ ದಿನ ತಲೆ ಕೆಡಿಸಿಕೊಂಡಿದ್ದ ನಾನು ಇದೊಂದನ್ನು ಯೋಚಿಸಿರಲಿಲ್ಲ. “ಇದೆಲ್ಲ ಮೂಢನಂಬಿಕೆ ಕಣಪ್ಪ” ಎಂದೆ. “ನೋಡ್ದಾ, ಕೊಡಕ್ ಮುಂಚೇನೇ ಸುರುವಾಯ್ತು” ಎಂದ ಅಪ್ಪ.

ಅಡುಗೆಮನೆಯಿಂದ ಭಾಗ್ಯ ಮೊರ ಹಿಡಿದು ಬಂದಳು. ಮೊರದಲ್ಲಿ ಒಂದು ಸೀಬೆಹಣ್ಣಿತ್ತು. ನೆಲದಿಂದ ಚಾಕು ಎತ್ತಿ ಅದರ ಪಕ್ಕದಲ್ಲಿಟ್ಟು, ಬಾಗಿನ ಕೊಡುವವಳಂತೆ ಎರಡೂ ಕೈಯಲ್ಲಿ ಮುಂದೆ ಹಿಡಿದಳು. “ತಗಳ್ಳಿ ಮಾವಯ್ಯ, ಇದ್ನ ಮೊರ ಕೊಡ್ತಾ ಅದೆ, ನಾವ್ಯಾರೂ ಅಲ್ಲ.”

ಅಪ್ಪ ತೆಗೆದುಕೊಂಡ. ಬಾಲವನ್ನು ಬೆರಳಿನಿಂದ ಒತ್ತಿದ, ಏಳಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾಗ್ಯ ನನ್ನ ತೋಳು ಚಿವುಟಿದಳು. ಅಪ್ಪ ಬಾಲವನ್ನು ಕುರ್ಚಿಯ ಕೈಗೆ ಒತ್ತಿ ಹಿಡಿದ. ಅಲಗು ನಿಧಾನವಾಗಿ ಎದ್ದು ನಿಂತಿತು. ಹಣ್ಣನ್ನು ತೊಡೆಯ ಮೇಲಿಟ್ಟು, ಸೋತ ಕೈಯಲ್ಲೇ ಒಂದು ಹೋಳು ಕುಯ್ದ. ಅದನ್ನು ಅಲಗಿನ ಮೇಲಿಟ್ಟು ನನ್ನ ಮುಖದ ಕಡೆಗೆ ಚಾಚಿದ. “ಬಾಯ್ ಬುಡ್ಲಾ.”

ಈಗ ಅಪ್ಪ ಹೊಟ್ಟೆ ತುಂಬ ಉಣ್ಣುತ್ತಾನೆ, ಬಾಯಿ ತುಂಬ ಬಯ್ಯುತ್ತಾನೆ. ದಿನವೂ ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಹೊರಗೆ ಕುರ್ಚಿ ಹಾಕಿಸಿಕೊಂಡು, ಹೋಳು ಸಿದ್ಧಮಾಡಿಕೊಂಡು ಕೂತಿರುತ್ತಾನೆ. ಎದುರು ಮನೆಯಲ್ಲಿ ನನ್ನದೇ ತರಗತಿಯ ಇಬ್ಬರು ಹುಡುಗಿಯರಿದ್ದಾರೆ. ನಾಲ್ಕು ಗಂಟೆಯವರೆಗೆ ತಮ್ಮನ್ನು “ಬಾಯಿ ಮುಚ್ಚಿ” ಎಂದು ಗದರಿದ ವಿಜ್ಞಾನದ ಮೇಷ್ಟ್ರು ನಡುಬೀದಿಯಲ್ಲಿ ಆ ಎಂದು ಬಾಯಿ ತೆರೆದು ನಿಲ್ಲುವುದನ್ನು ಅವರು ತಪ್ಪದೆ ನೋಡುತ್ತಾರೆ. ಒಂದು ದಿನ ಮರ್ಯಾದೆಗೆ ಅಂಜಿ, “ಒಳಗೆ ಬಂದು ತಿನ್ತೀನಿ ಬುಡಪ್ಪ” ಎಂದೆ. ಅಪ್ಪ ಆ ಹೋಳನ್ನು ತಾನೇ ತಿಂದುಬಿಟ್ಟ. ಉಪ್ಪು ಖಾರ ಹಚ್ಚಿದ್ದ ಹೋಳು. ಮಾರನೆಯ ದಿನದಿಂದ ನಾನು ಬೀದಿ ತಿರುವಿನಲ್ಲೇ ಬಾಯಿ ಸಿದ್ಧಮಾಡಿಕೊಂಡು ಬರುತ್ತಿದ್ದೇನೆ.