ಅತ್ತೆಗೆ ಕುಡಿಸಿದ ಭಂಡಾರ

ದೇವರು ಕೆಲವರಿಗೆ ಬುದ್ಧಿ ಕೊಡುತ್ತಾನೆ, ಕೆಲವರಿಗೆ ಕಂಠ. ನನಗೆ ಸಿಕ್ಕಿದ್ದು ಕಂಠ ಮಾತ್ರ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡಾಕ್ಟರ ದನಿಯಲ್ಲಿ ಫೋನ್ ಮಾಡಿ ಸೋದರತ್ತೆ ಮಾಳವ್ವನಿಗೆ ಅರಿಶಿನದ ಕಾಡಾ, ಅಂದರೆ ಕಷಾಯ, ಕುಡಿಸಿದವನು ನಾನೇ. ಮಹಾರಾಷ್ಟ್ರದ ಗಡಿಯ ನಮ್ಮೂರು ಕಾಸಾರಶಿರಸಿಯಲ್ಲಿ ನಾನು ಅಣಕಿಸದ ಜೀವವಿಲ್ಲ: ಔರಾದ ಬಸ್ಸಿನ ಕಂಡಕ್ಟರು, ತಂಬಾಕು ತಿಕ್ಕುತ್ತ ಬುದ್ಧಿ ಹೇಳುವ ಅಪ್ಪ, ನಮ್ಮ ಟಗರು. ಇವರಲ್ಲಿ ಟಗರೊಂದೇ ಇನ್ನೂ ನನ್ನ ಮೇಲೆ ಮುನಿಸಿಕೊಂಡಿಲ್ಲ.

ನಮ್ಮ ಮನೆಯಲ್ಲೇ ಇರುವ ಅತ್ತೆಗೆ ಎದೆಯ ಕ್ಯಾನ್ಸರು. ಲಾತೂರಿನಲ್ಲಿ ಕಿಮೋ ನಡೆದಿತ್ತು. ಹಾಗಂತ ನೋಡಲು ಬಂದವರು ಸುಮ್ಮನಿರುತ್ತಾರೆಯೇ? ಒಬ್ಬರು ಹಸಿ ಬೆಳ್ಳುಳ್ಳಿ ಎಂದರು, ಒಬ್ಬರು ಹಾಗಲಕಾಯಿ ಎಂದರು; ತಮ್ಮ ಚಹಾಕ್ಕೆ ಮಾತ್ರ ಎಲ್ಲರೂ ಎರಡು ಚಮಚ ಸಕ್ಕರೆ ಹಾಕಿಸಿಕೊಂಡರು. ನಾನು ಕಲಿತವನಲ್ಲವೇ, ಮೊಬೈಲಿನಲ್ಲಿ ಓದಿದೆ. ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ಸತ್ವ ಕ್ಯಾನ್ಸರಿನ ಕೋಶಗಳನ್ನು ಕೊಲ್ಲುತ್ತದಂತೆ! ನಾವು ಬೀರಪ್ಪನ ಒಕ್ಕಲು. ಹಣೆಗೆ, ಕಂಬಳಿಗೆ, ಕುರಿಯ ಬೆನ್ನಿಗೆ ಎಲ್ಲಕ್ಕೂ ಭಂಡಾರವೇ, ಅಂದರೆ ಗುಡಿಯ ಅರಿಶಿನದ ಪುಡಿ. ವಿಜ್ಞಾನಿಗಳು ಈಗ ಕಂಡದ್ದನ್ನು ನಮ್ಮ ದೇವರು ಎಂದೋ ಚೀಲಗಟ್ಟಲೆ ಮೈಮೇಲೆ ತೂರಿಸಿಕೊಂಡಿದ್ದಾನೆ. ಗುಡಿಯ ಭಂಡಾರವನ್ನೇ ಕುದಿಸಿದರೆ ದೇವರೂ ಬಂದ, ವಿಜ್ಞಾನವೂ ಬಂತು ಎಂದು ಲೆಕ್ಕ ಹಾಕಿದೆ.

"ಓದಾಂವ ನೀ, ಕುಡಿಯಾಕಿ ನಾನೇನೋ?" ಎಂದಳು ಅತ್ತೆ. ನಾನು ಕುರಿದೊಡ್ಡಿಯ ಹಿಂದೆ ಹೋಗಿ ಗೆಳೆಯನ ಫೋನಿನಿಂದ ಲಾತೂರಿನ ಡಾಕ್ಟರಾದೆ. ಅವರು ಪ್ರತಿ ಮಾತಿಗೂ ಮೊದಲು ಮರಾಠಿಯಲ್ಲಿ 'ಹೇ ಬಘಾ', ಅಂದರೆ 'ಇಲ್ಲಿ ನೋಡಿ', ಎನ್ನುತ್ತಾರೆ. "ಹೇ ಬಘಾ ಮಾಳವ್ವ, ಮುಂಜಾನಿ ಒಂದ್ ಗ್ಲಾಸ್, ಸಂಜಿಗಿ ಒಂದ್ ಗ್ಲಾಸ್ ಹಳದಿ ಕಾಡಾ ಕುಡೀರಿ." "ಆತ್ರಿ ಸಾಹೇಬ್ರ" ಎಂದಳು ಪಾಪ. ಆ ಕಹಿಗೆ ಬಾಯಿ ಕೆಟ್ಟು, ಹೊಟ್ಟೆ ತೊಳಸಿ, ರೊಟ್ಟಿಯ ತಾಟು ಕಂಡರೆ ಮುಖ ತಿರುಗಿಸತೊಡಗಿದಳು.

ಮುಂದಿನ ಸಲ ಲಾತೂರಿಗೆ ಹೋದಾಗ ಡಾಕ್ಟರು ತೂಕದ ಕಾಟಾ ನೋಡಿ ಕನ್ನಡಕ ತೆಗೆದರು. "ಹೇ ಬಘಾ, ಇಷ್ಟ್ ಇಳದ್ರ ಕಿಮೋ ಕೊಡ್ಲಿಕ್ಕ ಬರಂಗಿಲ್ಲ. ಏನ್ ತಿಂತೀರಿ?"

"ನೀವೇ ಫೋನಿನ್ಯಾಗ ಹೇಳಿದ್ ಕಾಡಾ ರೀ."

ಇಬ್ಬರೂ ನನ್ನ ಕಡೆ ತಿರುಗಿದರು. ಹೆದರಿದ ನನ್ನ ಬಾಯಿಂದ ಹೊರಟದ್ದು, ಸಾಕ್ಷಾತ್ ಅವರದೇ ದನಿಯಲ್ಲಿ, "ಹೇ ಬಘಾ ಸಾಹೇಬ್ರ..." ಫೋನ್ ಮಾಡಿದವನು ಯಾರೆಂದು ಇಬ್ಬರಿಗೂ ಗೊತ್ತಾಯಿತು. ಮೊಬೈಲಿನಲ್ಲಿ ಓದಿದ್ದನ್ನೂ, ಕುದಿಸಿದ್ದು ಗುಡಿಯ ಭಂಡಾರ ಎಂಬುದನ್ನೂ ಒಪ್ಪಿಕೊಂಡೆ.

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಅಣಕಿಸಲಿಕ್ಕಾದರೂ ಆಗುತ್ತಿತ್ತು. "ಲ್ಯಾಬಿನ ಗಾಜಿನ ತಾಟನ್ಯಾಗ ಕೋಶ ಸತ್ತಿದ್ದು ಖರೆ. ಮನಷ್ಯಾರಿಗಿ ಔಷಧ ಆಗ್ಬೇಕಂದ್ರ ಇನ್ನಾ ಭಾಳ ನೋಡೂದದ. ಬ್ಯಾಳಿಗಿ ಚಿಟಿಕಿ ಅರಿಶಿನ ಹಾಕ್ರಿ, ಭಂಡಾರ ಹಣಿಗಿರ್ಲಿ. ಹೊಟ್ಟಿ ತುಂಬ ಉಣ್ಣಸ್ರಿ, ಮುಂದಿನ ವಾರ ನೋಡಮಿ."

ನನ್ನಿಂದಾಗಿ ಚಿಕಿತ್ಸೆ ಒಂದು ವಾರ ಮುಂದಕ್ಕೆ ಹೋಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಇಲಿಗೋಳಿಗಿ ಕೊಟ್ಟು ನೋಡ್ಯಾರ್ರೀ ಸಾಹೇಬ್ರ, ಇಲಿ ಆರಾಮ ಆಗ್ಯಾವಂತ" ಎಂದೆ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು:

"ಆ ಇಲಿ ಯಾರದರ ಜ್ವಾಳದ ಚೀಲ ಕಡದು ತಿಂದು ಆರಾಮ ಆಗಿರ್ತದೋ. ನಿನ್ನ ಕಾಡಾ ಕುಡದಿದ್ರ ಅದೂ ನನ್ಹಂಗ ಒಣಗತಿತ್ತು. ನಡಿ ಮನಿಗಿ, ಇವತ್ತಿಂದ ರೊಟ್ಟಿ ನೀನೇ ಬಡಿ."