ಅನ್ನ ತಿನ್ನದ ಹುಡುಗಿ

ಖಾನಾವಳಿ ನಡೆಸುವವಳ ಮುಂದೆ ದಿನಕ್ಕೊಂದು ಹೊಟ್ಟೆಯ ಸಂಗತಿ ಬಂದೇ ಬರುತ್ತದೆ. ಕಡಿಮೆ ಉಂಡವನನ್ನೂ ಪಕ್ಕದವರು ರೋಗಿ ಅನ್ನುತ್ತಾರೆ, ಹೆಚ್ಚು ಉಂಡವನನ್ನೂ ಅನ್ನುತ್ತಾರೆ. ಶಹಾಪುರದಲ್ಲಿ ಈ ಖಾನಾವಳಿ ನಾನೊಬ್ಬಳೇ ಕಟ್ಟಿದ್ದು. ಬೆಲ್ಲ ಸುತ್ತಿ ಬಂದ ಕಾಗದ ಓದಿ ಅಕ್ಷರ ಕಲಿತವಳು ನಾನು. ಯಾರ ಮಾತಿಗೂ ಸುಲಭಕ್ಕೆ ತಲೆಯಾಡಿಸುವುದಿಲ್ಲ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಡೆದದ್ದಿದು.

೧. ಸಾಕ್ರಿ

ಮುದನಾಳದ ನನ್ನ ತಂಗಿಯ ಮಗಳಿಗೆ ಗೋಗಿಯ ಒಂದು ಮನೆಯಲ್ಲಿ ಮಾತು ನಡೆದಿತ್ತು. ಹುಡುಗ ಅವಳ ಮನಸ್ಸಿಗೂ ಬಂದಿದ್ದ. ಅವರ ಮನೆಯ ಬಸುರಿಯೊಬ್ಬಳ ಕುಬಸಕ್ಕೆ ಹೋದಾಗ ಹುಡುಗಿ ಎರಡು ತುತ್ತು ತಿಂದು ಎಲೆಗೆ ಕೈ ಅಡ್ಡ ಹಿಡಿದಳು.

ಹುಡುಗನ ತಾಯಿ ಬಡಿಸುತ್ತಿದ್ದಳು. "ಪಲ್ಯ ಹಾಕ್ಲೇನ ಯವ್ವಾ?"

"ಸಾಕ್ರಿ."

"ಹೋಳಿಗಿ?"

"ಸಾಕ್ರಿ."

"ತುಪ್ಪರ?"

"ಸಾಕ್ರಿ."

ಮುಂದಿನ ವಾರ ಸುದ್ದಿ ಬಂತು: "ಹುಡುಗಿಗಿ ಉಣ್ಣಲಾರದ ರೋಗ ಅದ. ಇಲ್ಲಂತ ಡಾಕ್ಟರ್ ಹೇಳಿದ್ರಷ್ಟ ಲಗ್ನ."

ಹುಡುಗಿಯನ್ನು ನನ್ನ ಮನೆಗೆ ಕರೆಸಿದೆ. ಬಂದವಳು ಮಾತಾಡುತ್ತಲೇ ಬುಟ್ಟಿಯ ರೊಟ್ಟಿ ಖಾಲಿ ಮಾಡಿದಳು. "ಇದು ರೋಗ ಆದ್ರ," ಅಂದೆ, "ಊರಿಗೆಲ್ಲ ಅಂಟಲಿ. ನನ್ನ ಖಾನಾವಳಿ ನಡೀತದ."

೨. ಪಂಚಮಿಯ ಅನ್ನ

ದವಾಖಾನೆಗೆ ಮೈಸೂರು ಕಡೆಯ ಹೊಸ ಡಾಕ್ಟರು ಬಂದಿದ್ದರು. ಬಹಳ ಮೆದು ಮಾತಿನವರು.

"ಅನ್ನ ತಿಂತೀಯೇನಮ್ಮಾ?" ಅಂದರು.

"ಇಲ್ರಿ," ಅಂದಳು ಹುಡುಗಿ.

"ಕೊನೇ ಸಲ ಯಾವಾಗ ತಿಂದೆ?"

"ಪಂಚಮಿಗಿ ತಿಂದಿದ್ದೆರಿ."

ಅದು ದೀಪಾವಳಿ ಹೊತ್ತು. ಡಾಕ್ಟರು ಕುರ್ಚಿಯಿಂದೆದ್ದು ನಾಡಿ ಹಿಡಿದರು. "ಮೂರು ತಿಂಗಳಿಂದ ಅನ್ನ ಇಲ್ಲ! ನಿಂತ್ಕೊಂಡಿದಾಳಲ್ಲ ಇವಳು!"

"ಜ್ವಾಳದ ರೊಟ್ಟಿ ತಿಂತಾಳ್ರಿ," ಅಂದೆ.

"ಅದು ತಿಂಡಿ ಆಯ್ತಮ್ಮ. ಊಟ?"

"ಸಾಹೇಬ್ರ, ನಮ್ಮಲ್ಲಿ ಅನ್ನ ಹಬ್ಬಕ್ಕಷ್ಟ. ಅನ್ನ ಇಲ್ಲಂದ್ರ ಉಪವಾಸ ಅಂತ ನೀವಂದ್ರ, ತಾಲೂಕಿಗೆ ತಾಲೂಕ ಉಪವಾಸ ಬಿದ್ದದ. ಎಲ್ಲಾರ್ನೂ ಅಡ್ಮಿಟ್ ಮಾಡ್ಕೋರಿ."

೩. ಸೋಮವಾರ

ಡಾಕ್ಟರು ಮನಸಾರೆ ನಕ್ಕರು. "ಇಲ್ಲಿಯವರು ಹೇಗೆ ಉಣ್ತಾರೆ ಅಂತ ಮೊದಲು ನಾನು ನೋಡ್ಬೇಕು," ಎಂದು ಖಾನಾವಳಿಗೆ ಬಂದು ಕೂತರು. ಎದುರಿಗೆ ಹತ್ತಿಗಾಡಿಯವನೊಬ್ಬ ರೊಟ್ಟಿಯ ಮೇಲೆ ರೊಟ್ಟಿ ಇಳಿಸುತ್ತಿದ್ದ.

ಡಾಕ್ಟರು ನನ್ನ ಕಿವಿಯಲ್ಲಿ, "ಇದೂ ಒಂದು ಕಾಯಿಲೆ ಇರಬಹುದು," ಎಂದು ಅವನತ್ತ ತಿರುಗಿದರು. "ಏನಪ್ಪಾ, ದಿನಾ ಇಷ್ಟು ತಿಂತೀಯಾ?"

ಅವನು ನಾಚಿದ. "ಇಲ್ರೀ ಸಾಹೇಬ್ರ. ಇವತ್ತ ಸೋಮವಾರ, ಒಪ್ಪತ್ತ ಅದ. ಸ್ವಲ್ಪದಾಗ ಮುಗಿಸಾಕತ್ತೇನಿ."

೪. ಡಾಕ್ಟರ ಮಾತು

"ಹಂಗಾದ್ರ ರೋಗ ಯಾವುದು, ಹೆಂಗ ಗೊತ್ತಾಗ್ತದ?" ಅಂತ ನಾನು ಪಟ್ಟು ಹಿಡಿದೆ.

ಅವರು ಬಿಡಿಸಿ ಹೇಳಿದರು. ತಟ್ಟೆ ನೋಡಿ ರೋಗ ಹೇಳಲಾಗದು, ಮನುಷ್ಯನನ್ನು ಕೇಳಬೇಕು. ಊಟ ಕಂಡರೆ ಅಂಜಿಕೆ, ಹಗಲೆಲ್ಲ ಅದೇ ಚಿಂತೆ, ಕದ್ದು ತಿನ್ನುವುದು, ತಿಂದದ್ದನ್ನು ಬೇಕೆಂದೇ ಕಕ್ಕುವುದು, ಮೈ ಸೊರಗಿದರೂ ಇನ್ನೂ ಸಣ್ಣಗಾಗಬೇಕು ಅನ್ನುವುದು — ಇಂಥವಿದ್ದರೆ ಅದು ನಿಜವಾದ ಕಾಯಿಲೆ, ಹಟವಲ್ಲ. ಬೈದರೆ ಹೋಗುವುದಿಲ್ಲ, ಔಷಧೋಪಚಾರ ಬೇಕು. ಈ ಮಾತಿಗೆ ನಾನೂ ತಲೆಯಾಡಿಸಿದೆ.

ಮುಂದೊಂದು ದಿನ ಡಾಕ್ಟರ ಮಾತನ್ನು ತಾವೇ ಕೇಳಲು ಗೋಗಿಯವರು ದವಾಖಾನೆಗೆ ಬಂದರು: ಹುಡುಗ, ಅವನ ತಾಯಿ, ಕಡ್ಡಿಯಂಥ ತಂದೆ. ಡಾಕ್ಟರು ಹುಡುಗಿಯನ್ನು ಒಳಗೆ ಕರೆದು ತೂಕ ನೋಡಿದರು, ಕಣ್ಣರೆಪ್ಪೆ ಎಳೆದು ನೋಡಿದರು, ಒಂದೊಂದೇ ಪ್ರಶ್ನೆ ಕೇಳಿದರು. ನಾನು ಜೊತೆಗಿದ್ದೆ.

"ದಪ್ಪಗಾಗ್ತೀನಿ ಅಂತ ಭಯ ಇದೆಯೇನಮ್ಮಾ?"

ಹುಡುಗಿ ಕಿಸಕ್ಕನೆ ನಕ್ಕಳು. "ಆಸಿ ಅದರಿ. ಆಗವಲ್ದು."

ಡಾಕ್ಟರು ಹೊರಗೆ ಬಂದು, "ಯಾವ ಕಾಯಿಲೆಯೂ ಇಲ್ಲ. ಮೈಕಟ್ಟೇ ತೆಳು," ಅಂದರು.

ಹುಡುಗನ ತಾಯಿ ಒಪ್ಪಲಿಲ್ಲ. "ಮತ್ತ ನಮ್ಮ ಮನ್ಯಾಗ ಯಾಕ ಉಣ್ಣಲಿಲ್ಲ? ಹೇಳವಾ, ಖರೇ ಹೇಳು."

ಹುಡುಗಿ ನನ್ನ ಮುಖ ನೋಡಿದಳು. ಹೇಳು ಅಂತ ಕಣ್ಸನ್ನೆ ಮಾಡಿದೆ. ಸುಳ್ಳು ಹೇಳಿ ಕೂಡಿಸುವ ಸಂಬಂಧ ನನಗೆ ಬೇಡವಾಗಿತ್ತು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಪಲ್ಯಾ ಹೊತ್ತಿತ್ರಿ. ಬ್ಯಾಳಿಗಿ ಉಪ್ಪಿದ್ದಿಲ್ರಿ. ಹೋಳಿಗಿ ಹರದ್ರ ಹರೀಲಿಲ್ರಿ."

ಹುಡುಗನ ತಾಯಿಯ ಮುಖ ಕೆಂಪಾಯಿತು. ಸಂಬಂಧ ಮುರೀತು ಅಂದುಕೊಂಡೆ. ಹುಡುಗ ನೆಲ ನೋಡುತ್ತ ತುಟಿ ಕಚ್ಚಿ ನಗು ತಡೆಯುತ್ತಿದ್ದ.

ಆಗ ಅವನ ತಂದೆ ಮೆಲ್ಲಗೆ ಎದ್ದು, ಟೊಪ್ಪಿಗೆ ತೆಗೆದು ನನಗೆ ಕೈಮುಗಿದರು. "ಬೀಗತ್ಯಾರ, ಲಗ್ನ ಈ ತಿಂಗಳದಾಗ ಮುಗಿಸಿಬಿಡ್ರಿ. ಹುಡುಗಿಗಿ ಅಡಗಿ ಬರ್ತದಲ್ಲ? ಲಗ್ನಾದಾಗಿಂದ ಹಸದೀನ್ರಿ ನಾ."